ಮಳೆಗಾಲದಲ್ಲಿ ಸೈಕಲ್ ಮೇಲೆ ಕೆಲಸಕ್ಕೆ: ನವನಗರದಿಂದ ಧಾರವಾಡಕ್ಕೆ ದಿನಾ ಹೋಗೋದು ಹೇಗೆ?

ನವನಗರ ಟು ಸಪ್ತಾಪುರ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ನವನಗರದಿಂದ ಧಾರವಾಡದ ಸಪ್ತಾಪುರಕ್ಕೆ ಸೈಕಲ್ ಮೇಲೆ ಕೆಲಸಕ್ಕೆ ಹೋಗಿ ಬರುತ್ತೇನೆ. ಬೇಸಿಗೆ ಚಲೋ ಕಳೆಯಿತು. ಬೆಳಿಗ್ಗೆ ಲಗೂನ ಹೊರಟರೆ ತಂಪು, ಗದ್ದಲವೂ ಕಡಿಮೆ. ಈಗ ಮಿರಗ (ಮೃಗಶಿರ ಮಳೆ) ಕೂಡಿದೆ, ಮಳೆ ಹಿಡಿದಿದೆ. ಮನೆಯಲ್ಲಿ ಎಲ್ಲರದೂ ಒಂದೇ ಮಾತು: "ಸೈಕಲ್ ಒಳಗಿಡು, ದೀಪಾವಳಿ ಆದಮೇಲೆ ತೆಗಿ." ನನಗೆ ಬಿಡಲು ಮನಸ್ಸಿಲ್ಲ. ಸೈಕಲ್ ತುಳಿದು ಹೋದ ದಿನ ತಲೆ ಹಗುರ ಇರುತ್ತದೆ, ಕೆಲಸವೂ ಚೆನ್ನಾಗಿ ಸಾಗುತ್ತದೆ.

ನನ್ನದು ಗೇರ್ ಇಲ್ಲದ ಲೇಡೀಸ್ ಸೈಕಲ್. ಸ್ಟೀಲ್ ರಿಮ್ಮು, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಆಫೀಸಿಗೆ ಒದ್ದೆಯಾಗದೆ ಮುಟ್ಟಲು ಯಾವ ರೇನ್‌ಕೋಟ್ ಚಲೋ? ಮತ್ತೆ, ಮಳೆಯಲ್ಲಿ ಬ್ರೇಕ್ ಒತ್ತಿದರೂ ಸೈಕಲ್ ಸುಮ್ನೆ ಮುಂದೆ ಹೋಗುತ್ತದೆ. ಇದಕ್ಕೆ ಏನು ಮಾಡಬೇಕು? ಮಳೆಗಾಲದಲ್ಲೂ ಓಡಿಸಿದವರು ದಯವಿಟ್ಟು ಹೇಳಿ.

ಚಿಗರಿ ಪಾಸ್

ಬೇಜಾರು ಮಾಡ್ಕೋಬೇಡಿ, ಆದರೆ ನಾನು ಮನೆಯವರ ಕಡೆ. 2018ರಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸು ಓಡಲು ಶುರುವಾದಾಗಿನಿಂದ ನಾನು ಅದರಲ್ಲೇ ಹೋಗುತ್ತೇನೆ. ನಡುವಿನ ಲೇನ್ ಬಸ್ಸಿಗೇ ಮೀಸಲು. ಉಳಿದ ಕಾರು, ಲಾರಿ, ಟಂಟಂ, ಬೈಕು ಎಲ್ಲ ಪಕ್ಕದ ಲೇನಿನಲ್ಲಿ ಒತ್ತಿಕೊಂಡು ಹೋಗುತ್ತವೆ. ಸೈಕಲ್ಲಿನವರು ಅವುಗಳಿಗೂ ಗಟಾರಕ್ಕೂ ನಡುವೆ. ಜೋರು ಮಳೆಯಲ್ಲಿ ಲಾರಿ ಚಾಲಕನಿಗೆ ಗಾಜಿನಲ್ಲಿ ಏನೂ ಕಾಣುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಸ್ಸು, ಉಳಿದ ತಿಂಗಳು ಸೈಕಲ್. ಇದರಲ್ಲಿ ಸೋಲು ಅನ್ನೋದು ಏನೂ ಇಲ್ಲ.

ವರ್ಕ್‌ಶಾಪ್ ಕಾಕಾ

ತಂಗಿ, ಸೈಕಲ್ ಬಿಡಬೇಡ. ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಆಗ ಶಿಫ್ಟ್ ಬಿಡುವ ಹೊತ್ತಿಗೆ ಗದಗ ರಸ್ತೆ ತುಂಬ ಸೈಕಲ್ಲೇ. ಮಳೆ ಬಂತೆಂದು ಯಾರೂ ರಜೆ ಹಾಕುತ್ತಿರಲಿಲ್ಲ. ಕೆಲವರು ಗೋಣಿಚೀಲದ ಕೊಪ್ಪೆ ಹಾಕಿಕೊಂಡೇ ಬರುತ್ತಿದ್ದರು.

ಒದ್ದೆಯಾಗದೆ ಮುಟ್ಟಬೇಕು ಅನ್ನೋ ಆಸೆಯನ್ನು ಮೊದಲು ಬಿಡು. ಎಂಥ ರೇನ್‌ಕೋಟ್ ಹಾಕಿದರೂ ಅಷ್ಟು ದೂರ ತುಳಿದರೆ ಒಳಗೆ ಬೆವರು ಇಳಿಯುತ್ತದೆ. ಆಫೀಸಿನಲ್ಲಿ ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್, ಒಂದು ಜೊತೆ ಚಪ್ಪಲಿ ಇಟ್ಟುಬಿಡು. ಒದ್ದೆಯಾಗಿ ಹೋಗು, ಒಣ ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಕೂಡು. ದುಡ್ಡು ಹಾಕುವುದಿದ್ದರೆ ಬ್ರೇಕಿಗೆ ಹಾಕು, ಬೆಳಕಿಗೆ ಹಾಕು.

ಈಗ ಬ್ರೇಕಿನ ವಿಷಯ. ನಿನ್ನ ತೊಂದರೆ ಇರುವುದು ಆ ಸ್ಟೀಲ್ ರಿಮ್ಮಿನಲ್ಲಿ. ಪಾಲಿಶ್ ಮಾಡಿದ ಸ್ಟೀಲ್ ಒದ್ದೆಯಾದರೆ ರಬ್ಬರು ಅದರ ಮೇಲೆ ಜಾರುತ್ತದೆ. ಅಲ್ಯುಮಿನಿಯಂ ರಿಮ್ಮಿನಲ್ಲಿ ಇಷ್ಟು ಜಾರುವುದಿಲ್ಲ. ಸೈಕಲ್ ಬದಲಿಸದೆ ಮಾಡಬಹುದಾದದ್ದು ಇಷ್ಟು. ನಿಲ್ಲಿಸಬೇಕಾದ ಜಾಗ ಬರುವ ಬಹಳ ಮೊದಲೇ ಎರಡೂ ಬ್ರೇಕನ್ನು ಹಗುರಾಗಿ ಹಿಡಿ. ಮೊದಲಿನ ಒಂದೆರಡು ಸುತ್ತು ಏನೂ ಆಗುವುದಿಲ್ಲ, ರಬ್ಬರು ಬರೀ ನೀರು ಒರೆಸುತ್ತಿರುತ್ತದೆ. ಆಮೇಲೆ ನಿಧಾನ ಹಿಡಿತ ಬರುತ್ತದೆ. ಆ ಹಿಡಿತ ಬೆರಳಿಗೆ ತಿಳಿಯುತ್ತದೆ, ಅದು ಬಂದಮೇಲೆ ಒತ್ತು. ಗಾಬರಿಯಿಂದ ಒಮ್ಮೆಲೇ ಜಗ್ಗಿ ಹಿಡಿದರೆ ನೀರು ಹೋದ ಗಳಿಗೆಗೆ ಚಕ್ರ ಲಾಕ್ ಆಗಿ ಸೈಕಲ್ ಜಾರುತ್ತದೆ. ತಿರುವಿನಲ್ಲಿ ಬ್ರೇಕ್ ಮುಟ್ಟಬೇಡ, ತಿರುವಿಗೆ ಮೊದಲೇ ವೇಗ ಇಳಿಸು.

ಇನ್ನೊಂದು ಮಾತು. ರಿಮ್ಮಿಗೆ ಚೈನಿನ ಎಣ್ಣೆ ತಾಗಿದ್ದರೆ ಈ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಸಾಬೂನು ನೀರಿನಿಂದ ತಿಕ್ಕಿ ತೊಳೆ. ಬ್ರೇಕ್ ರಬ್ಬರ್ ಹಳೆಯದಾಗಿ ಗಟ್ಟಿಯಾಗಿದ್ದರೆ ಬದಲಿಸು. ಉಗುರಿನಿಂದ ಒತ್ತಿ ನೋಡು, ಗುರುತು ಬೀಳದಿದ್ದರೆ ಅದರ ಆಯುಷ್ಯ ಮುಗಿದಿದೆ.

ಹೊಸೂರು ಸೈಕಲ್ ಅಂಗಡಿ

ಕಾಕಾ ಹೇಳಿದ್ದು ಬರೋಬ್ಬರಿ. ಅಂಗಡಿಯವನಾಗಿ ಒಂದು ಮಾತು ಸೇರಿಸುತ್ತೇನೆ. ಹೊಸ ಸೈಕಲ್ ಕೊಳ್ಳುವ ಬದಲು ಮುಂದಿನ ಚಕ್ರಕ್ಕಷ್ಟೇ ಅಲಾಯ್ (ಅಲ್ಯುಮಿನಿಯಂ) ರಿಮ್ಮು ಕೂಡಿಸಬಹುದು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಾಗಾಗಿ ನಿಲ್ಲಿಸುವ ಕೆಲಸ ಜಾಸ್ತಿ ಮುಂದಿನ ಚಕ್ರದ್ದೇ. ಆದರೆ ಅಂಗಡಿಗೆ ಹೋಗುವ ಮೊದಲು ಚಕ್ರದ ಕಡ್ಡಿ ಎಣಿಸಿಕೊಳ್ಳಿ. ಎಷ್ಟು ಕಡ್ಡಿಯೋ ಅಷ್ಟೇ ತೂತಿನ ರಿಮ್ಮು ಬೇಕು. ಹಳೆ ಕಪ್ಪು ಸೈಕಲ್ಲಿಗೆ ಮುಂದೆ 32, ಹಿಂದೆ 40 ಇರುತ್ತಿತ್ತು. ಈಗಿನವುಗಳಲ್ಲಿ ಸಾಮಾನ್ಯವಾಗಿ ಎರಡೂ ಕಡೆ 36. ಹಳೆ ಹಬ್ (ಚಕ್ರದ ನಡುವಿನ ಗುಂಬ), ಹೊಸ ರಿಮ್ಮು ಸೇರಿಸಿ ಕಡ್ಡಿ ಕಟ್ಟಿ ಔಟ್, ಅಂದರೆ ಚಕ್ರದ ಓಲಾಟ, ತೆಗೆಯಬೇಕು. ಅದನ್ನು ಮಾಡುವ ಕೈ ಊರಲ್ಲಿ ಇನ್ನೂ ಇವೆ, ಹುಡುಕಿ.

ಕೆಲಗೇರಿ ಕೆರೆ

ನಾನು ಗೇರ್ ಸೈಕಲ್ ಓಡಿಸುವವನು. ಕಾಕಾ ಅವರ ಒಂದು ಮಾತಿಗೆ ನನ್ನದು ಸ್ವಲ್ಪ ತಕರಾರು ಇದೆ. ಮಿರಗದ ಮಳೆಗೆ ಒದ್ದೆಯಾದರೆ ಅಡ್ಡಿಯಿಲ್ಲ, ಇನ್ನೂ ಸೆಕೆ ಇರುತ್ತದೆ. ಜುಲೈನಲ್ಲಿ ಪುನರ್ವಸು, ಪುಷ್ಯ ಮಳೆಗೆ ಜಡಿ ಹಿಡಿಯುತ್ತದಲ್ಲ, ಆಗ ಗಾಳಿಯೂ ಜೋರು. ಒದ್ದೆ ಬಟ್ಟೆಯಲ್ಲಿ ಅರ್ಧ ತಾಸು ಗಾಳಿ ಬಡಿದರೆ ಬೆರಳು ಸೆಟೆದು ಬ್ರೇಕ್ ಹಿಡಿಯಲು ಬರುವುದಿಲ್ಲ. ಧಾರವಾಡದ ಕಡೆ ಜಡಿ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಮೇಲಿನ ಅಂಗಿ ಗಾಳಿ ತಡೆಯುವಂಥದ್ದು ಇರಲೇಬೇಕು. ಕಂಕುಳ ಹತ್ತಿರ, ಬೆನ್ನ ಮೇಲೆ ಗಾಳಿ ಆಡಲು ಕಿಂಡಿ ಇರುವುದನ್ನು ನೋಡಿ ಕೊಳ್ಳಿ.

ತಲೆಯಿಂದ ಇಳಿಬಿಟ್ಟುಕೊಳ್ಳುವ ಅಗಲವಾದ ಪೊಂಚೊ ಬೇಡ. ನಮ್ಮ ದಾರಿಗೆ ಅದು ಅಪಾಯ. ಕಾರಣ ಹೇಳುತ್ತೇನೆ. ಮುಂಗಾರಿನ ಗಾಳಿ ಬೀಸುವುದು ಪಡುವಣ ದಿಕ್ಕಿನಿಂದ. ಹುಬ್ಬಳ್ಳಿಯಿಂದ ಧಾರವಾಡ ವಾಯವ್ಯಕ್ಕೆ ಇದೆ. ಅಂದರೆ ಬೆಳಿಗ್ಗೆ ಧಾರವಾಡದ ಕಡೆ ಹೋಗುವಾಗ ಗಾಳಿ ಎಡಮುಂದಿನಿಂದ ಬಡಿಯುತ್ತದೆ. ಅದರ ಮೇಲೆ ಧಾರವಾಡ ಹುಬ್ಬಳ್ಳಿಗಿಂತ ಎತ್ತರ, ದಾರಿ ಒಟ್ಟಿನಲ್ಲಿ ಏರು. ಪೊಂಚೊ ಒಳಗೆ ಗಾಳಿ ತುಂಬಿಕೊಂಡರೆ ಸೈಕಲ್ ಲಾರಿಗಳ ಕಡೆಗೇ ವಾಲುತ್ತದೆ. ಸಂಜೆ ಬರುವಾಗ ಗಾಳಿ ಹಿಂದಿನಿಂದ, ಇಳಿಜಾರು ಬೇರೆ. ಆಗ ವೇಗ ಗೊತ್ತಾಗದೆ ಏರುತ್ತದೆ, ಬ್ರೇಕಿನ ಪರೀಕ್ಷೆ ಆಗಲೇ. ಹಾಗಾಗಿ ಬೆಳಿಗ್ಗೆ ಹೊತ್ತು ಜಾಸ್ತಿ ಇಟ್ಟುಕೊಳ್ಳಿ, ಸಂಜೆ ಅವಸರ ಮಾಡಬೇಡಿ.

ಟಯರಿನ ಗಾಳಿ ಬೇಸಿಗೆಗಿಂತ ಸ್ವಲ್ಪ ಕಡಿಮೆ ಇರಲಿ, ನೆಲ ಚೆನ್ನಾಗಿ ಕಚ್ಚುತ್ತದೆ. ತೀರಾ ಕಡಿಮೆ ಆದರೆ ತೆಗ್ಗಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಸೀಳುತ್ತದೆ.

ವರ್ಕ್‌ಶಾಪ್ ಕಾಕಾ

ಒಪ್ಪಿದೆ. ನಮ್ಮ ಕಾಲದಲ್ಲಿ ಕಂಬಳಿ ಇತ್ತು. ಒದ್ದೆಯಾದರೂ ಉಣ್ಣೆ ಬೆಚ್ಚಗಿಡುತ್ತದೆ, ಅದಕ್ಕೇ ಚಳಿಯ ಮಾತು ನನಗೆ ಹೊಳೆಯಲಿಲ್ಲ. ಜೀನ್ಸ್ ಮಾತ್ರ ಹಾಕಬೇಡ ತಂಗಿ. ನೀರು ಕುಡಿದರೆ ಭಾರ, ಸಂಜೆತನಕ ಒಣಗುವುದಿಲ್ಲ. ಟೆರಿಕಾಟ್ ಚಲೋ.

ವಿದ್ಯಾಗಿರಿ ಸಿಸ್ಟರ್

ನಾನು ನರ್ಸ್. ವಿದ್ಯಾಗಿರಿಯಿಂದ ಡ್ಯೂಟಿಗೆ ಸೈಕಲ್ ಮೇಲೆ ಹೋಗುತ್ತೇನೆ, ಮಳೆಗಾಲದಲ್ಲೂ. ತಂಗಿ, ಗಂಡಸರು ಹೇಳದೆ ಬಿಡುವ ವಿಷಯ ನಾನು ಹೇಳುತ್ತೇನೆ. ಬಟ್ಟೆ ಬದಲಿಸಲು ಜಾಗ ಬೇಕು. ಒದ್ದೆ ಚೂಡಿದಾರದಲ್ಲಿ ಎಲ್ಲರ ಮುಂದೆ ಹಾದು ಹೋಗುವುದು ಯಾರಿಗೆ ಬೇಕು? ಆಫೀಸಿನಲ್ಲಿ ಚಿಲಕ ಇರುವ ಕೋಣೆ ಇದೆಯಾ ನೋಡು. ಇಲ್ಲದಿದ್ದರೆ ಬಾಯಿಬಿಟ್ಟು ಕೇಳು. ಸ್ಟೋರ್ ರೂಮ್ ಆದರೂ ಸಾಕು, ಹಗ್ಗ ಕಟ್ಟಿ ಒಣಹಾಕಲು ಆಗಬೇಕು. ಎಷ್ಟೋ ಹುಡುಗಿಯರು ಸೈಕಲ್ ಬಿಡುವುದು ಮಳೆಗೆ ಹೆದರಿ ಅಲ್ಲವೇ ಅಲ್ಲ, ಈ ಒಂದು ಕಾರಣಕ್ಕೆ. ಆಫೀಸು ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಕೋಣೆ ಬಿಟ್ಟುಕೊಡಿ. ಖರ್ಚಿಲ್ಲದ ಕೆಲಸ.

ವೇಲ್ ಹಾಕಿಕೊಂಡು ಓಡಿಸಬೇಡ, ಚೀಲದಲ್ಲಿಡು. ಒದ್ದೆ ವೇಲ್ ಕಡ್ಡಿಗೆ ಸುತ್ತಿಕೊಂಡರೆ ಕುತ್ತಿಗೆಗೇ ಬರುತ್ತದೆ.

ಕಾಲಿನ ಬಗ್ಗೆ ಎಲ್ಲರೂ ಅಸಡ್ಡೆ ಮಾಡುತ್ತಾರೆ. ಶೂ ಒಳಗೆ ನೀರು ನಿಂತು ದಿನವಿಡೀ ಹಾಗೇ ಇದ್ದರೆ ಬೆರಳ ಸಂದಿಯಲ್ಲಿ ಕೆಸರುಹುಣ್ಣು ಆಗುತ್ತದೆ. ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿಕೊಂಡು ಹೋಗಿ, ಮುಟ್ಟಿದ ಮೇಲೆ ಕಾಲು ತೊಳೆದು, ಬೆರಳ ನಡುವೆ ಒಣ ಬಟ್ಟೆ ಆಡಿಸು. ಹವಾಯಿ ಚಪ್ಪಲಿ ಬೇಡ, ಪೆಡಲ್ ಮೇಲೆ ಜಾರುತ್ತದೆ. ಕಾಲಿಗೆ ಗಾಯ ಇದ್ದಾಗ ಗಟಾರದ ನೀರಿನಲ್ಲಿ ಇಳಿಯಲೇಬೇಡ. ಇಲಿ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಇಳಿಯಲೇಬೇಕಾಗಿ ಬಂದರೆ ಸಾಬೂನು ಹಚ್ಚಿ ತೊಳೆದುಕೋ. ಮುಂದಿನ ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಡಾಕ್ಟರಿಗೆ ತೋರಿಸು, ಗಟಾರದ ನೀರಿನಲ್ಲಿ ಇಳಿದಿದ್ದನ್ನೂ ಹೇಳು. ಅದು ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಚಿಗರಿ ಪಾಸ್

ನೀರಿನ ಮಾತು ಬಂತಲ್ಲ, ಟೋಲ್ ನಾಕಾ ಬಗ್ಗೆ ಯಾರೂ ಹೇಳಲಿಲ್ಲ. ಜೋರು ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ, ಬೈಕುಗಳೇ ಆಫ್ ಆಗುತ್ತವೆ. ಸೈಕಲ್ಲಿನವರು ಏನು ಮಾಡುತ್ತೀರಿ?

ವಿದ್ಯಾಗಿರಿ ಸಿಸ್ಟರ್

ಇಳಿಯುತ್ತೇವೆ. ನೀರು ಇಳಿಯುವವರೆಗೆ ಕಾಯುತ್ತೇವೆ, ಇಲ್ಲವೇ ಒಳಗಿನ ಓಣಿ ಹಿಡಿಯುತ್ತೇವೆ. ನೆಲ ಕಾಣದ ನೀರಿನಲ್ಲಿ ಸೈಕಲ್ ಓಡಿಸುವುದಿಲ್ಲ. ಕೆಳಗೆ ತೆಗ್ಗು ಇದೆಯೋ, ಗಟಾರದ ಮುಚ್ಚಳ ತೆರೆದಿದೆಯೋ ಯಾರಿಗೆ ಗೊತ್ತು? ಕರೆಂಟ್ ಕಂಬದ ಬುಡದಲ್ಲಿ ನೀರು ನಿಂತಿದ್ದರೆ ಅದರ ಹತ್ತಿರ ನಡೆದು ಕೂಡ ಹೋಗಬಾರದು.

ಕುಂದಗೋಳ ಮಾಸ್ತರ

ನಿಮ್ಮದೆಲ್ಲ ಡಾಂಬರು ರಸ್ತೆಯ ಮಾತು. ನಮ್ಮ ಕಡೆಯ ಮಾತೇ ಬೇರೆ. ನಾನು ಕುಂದಗೋಳ ತಾಲೂಕಿನ ಹೈಸ್ಕೂಲ್ ಮಾಸ್ತರ. ಧಾರವಾಡದ ಪಡುವಣಕ್ಕೆ ಕೆಂಪು ಮಣ್ಣು, ನಮ್ಮಲ್ಲಿ ಎರೆಮಣ್ಣು. ಕೆಂಪು ರಾಡಿ ತೊಳೆದರೆ ಹೋಗುತ್ತದೆ. ಎರೆಮಣ್ಣು ಒಂದು ಸಲ ಟಯರಿಗೆ ಹತ್ತಿತೆಂದರೆ ಸುತ್ತು ಸುತ್ತಿಗೂ ಇನ್ನಷ್ಟು ಎಳೆದುಕೊಳ್ಳುತ್ತದೆ. ಟಯರಿಗೂ ಮಡ್‌ಗಾರ್ಡಿಗೂ ನಡುವಿನ ಬೆರಳಗಲ ಜಾಗ ತುಂಬಿ, ಬ್ರೇಕಿನ ಹತ್ತಿರ ಗಡ್ಡೆ ಕಟ್ಟಿ, ಚಕ್ರ ನಿಂತೇಬಿಡುತ್ತದೆ. ತಳ್ಳಲೂ ಆಗುವುದಿಲ್ಲ. ಹುಡುಗರು ಕಡ್ಡಿಯಿಂದ ಕೆದರುತ್ತಾರೆ, ನಾಲ್ಕು ಹೆಜ್ಜೆಗೆ ಮತ್ತೆ ತುಂಬುತ್ತದೆ. ಕೊನೆಗೆ ಸೈಕಲ್ ಹೆಗಲ ಮೇಲೆ ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು ಸಾಲಿಗೆ ಬರುತ್ತಾರೆ.

ನಮ್ಮಲ್ಲಿ ಕೆಲವರು ಮಳೆಗಾಲಕ್ಕೆ ಮಡ್‌ಗಾರ್ಡನ್ನೇ ಬಿಚ್ಚಿಡುತ್ತಾರೆ. ಇನ್ನು ಕೆಲವು ಮಕ್ಕಳು ಹೊಲದ ದಾರಿಯಲ್ಲಿ ನಡೆದು ಬಂದು, ರಸ್ತೆ ದಂಡೆಯ ಪರಿಚಯದವರ ಮನೆಯಲ್ಲಿಟ್ಟ ಸೈಕಲ್ ತೆಗೆದುಕೊಂಡು ಬರುತ್ತಾರೆ. ಅದೇ ಚಲೋ ಉಪಾಯ. ಸೈಕಲ್ ಡಾಂಬರಿನ ಮೇಲೇ ಉಳಿಯುತ್ತದೆ.

2006-07ರಿಂದ ಸರಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಕೊರೊನಾ ಕಾಲದಲ್ಲಿ ಅದು ನಿಂತಿತು. ದೂರದ ಊರಿನ ಹುಡುಗಿಯರು ಹೈಸ್ಕೂಲಿಗೆ ಬರಲು ಆ ಸೈಕಲ್ ಎಷ್ಟು ಆಸರೆ ಆಗಿತ್ತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮಳೆಗಾಲದಲ್ಲಿ ಬಸ್ಸು ತಪ್ಪಿದರೆ ಅವರಿಗೆ ಅವತ್ತಿನ ಸಾಲಿ ತಪ್ಪಿದಂತೆಯೇ. ಸಿಟಿಯಲ್ಲಿ ಇದ್ದವರು ಮನೆಯಲ್ಲಿ ಸುಮ್ನೆ ನಿಂತ ಸೈಕಲ್ ಇದ್ದರೆ ರಿಪೇರಿ ಮಾಡಿಸಿ ಹಳ್ಳಿ ಸಾಲಿಗೆ ಕೊಡಿ ಅಂತ ಕೈಮುಗಿದು ಕೇಳುತ್ತೇನೆ.

ನವನಗರ ಟು ಸಪ್ತಾಪುರ

ಸರ್, ಮನೆಯಲ್ಲಿ ಅಣ್ಣನ ಹಳೆ ಸೈಕಲ್ ಇದೆ. ರಿಪೇರಿ ಮಾಡಿಸಿ ನಿಮಗೆ ತಿಳಿಸುತ್ತೇನೆ.

ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದಕ್ಕೆ ಭಾಳ ಖುಷಿ ಆಯ್ತು. ನನ್ನ ದಾರಿ ಪೂರ್ತಿ ಡಾಂಬರು, ಮಡ್‌ಗಾರ್ಡ್ ಇಟ್ಟುಕೊಳ್ಳುತ್ತೇನೆ. ಆದರೆ ಅದು ಇದ್ದರೂ ಮುಂದಿನ ಚಕ್ರದ ನೀರು ನೇರ ಪಾದಕ್ಕೇ ಹಾರುತ್ತದೆ. ಎರಡನೆಯದು, ಮಳೆಯಲ್ಲಿ ಹೋಗಿ ಬಂದಮೇಲೆ ಚೈನ್ ಕಿರ್ ಕಿರ್ ಅನ್ನುತ್ತದೆ. ಎಣ್ಣೆ ಹಾಕಿದರೆ ಮರುದಿನಕ್ಕೆ ಮತ್ತೆ ಅದೇ.

ವರ್ಕ್‌ಶಾಪ್ ಕಾಕಾ

ಮಡ್‌ಗಾರ್ಡ್ ನೆಲದಿಂದ ಭಾಳ ಎತ್ತರದಲ್ಲಿ ಮುಗಿಯುತ್ತದೆ, ಅದಕ್ಕೇ ನೀರು ಹಾರುತ್ತದೆ. ಅಡುಗೆ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿ ಇರುತ್ತದಲ್ಲ, ಅದರ ಪಕ್ಕದ ಸಪಾಟ ಭಾಗ ಕತ್ತರಿಸು. ಮೇಲೆ ಮಡ್‌ಗಾರ್ಡಿನಷ್ಟೇ ಅಗಲ, ಕೆಳಗೆ ನಿನ್ನ ಅಂಗೈಯಷ್ಟು ಅಗಲ ಬರುವಂತೆ. ಮಡ್‌ಗಾರ್ಡಿನ ತುದಿಗೆ ಎರಡು ತೂತು, ಈ ತುಂಡಿಗೆ ಎರಡು ತೂತು. ಸಣ್ಣ ನಟ್ಟು ಬೋಲ್ಟು ಹಾಕಿ ಬಿಗಿ. ನಟ್ಟು ಹೊರಗಡೆ ಇರಲಿ, ಒಳಗಿದ್ದರೆ ಟಯರಿಗೆ ತಾಗುತ್ತದೆ. ತುಂಡು ನೆಲದಿಂದ ಮೂರು ಬೆರಳು ಮೇಲೆ ಇರಬೇಕು. ಸ್ಪೀಡ್ ಬ್ರೇಕರ್‌ಗೆ ತಾಗಿದರೂ ಬಾಗುತ್ತದೆ, ಮುರಿಯುವುದಿಲ್ಲ. ಪಾದಕ್ಕೂ ನೀರಿಲ್ಲ, ಚೈನಿಗೂ ರಾಡಿ ಹಾರುವುದಿಲ್ಲ.

ಹೊಸೂರು ಸೈಕಲ್ ಅಂಗಡಿ

ಚೈನ್ ವಿಷಯ. ಹೊಲಿಗೆ ಮಶಿನ್ ಎಣ್ಣೆ ಹಾಕುತ್ತಿರಬೇಕು ನೀವು. ಅದು ತೆಳು, ಒಂದೇ ಮಳೆಗೆ ತೊಳೆದು ಹೋಗುತ್ತದೆ. ಗ್ರೀಸ್ ಮೆತ್ತಿದರೆ ಅದೂ ತಪ್ಪು, ಮಣ್ಣು ಮರಳು ಎಲ್ಲ ಅಂಟಿಕೊಂಡು ಚೈನನ್ನು ತೇಯುತ್ತದೆ. ಮಳೆಗಾಲಕ್ಕೆ ಅಂತಲೇ ಸ್ವಲ್ಪ ದಪ್ಪ ಚೈನ್ ಎಣ್ಣೆ ಬರುತ್ತದೆ. ಮೊದಲು ಚೈನನ್ನು ಹಳೆ ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒಣಗುವವರೆಗೆ ಒರೆಸಿ. ಒದ್ದೆ ಚೈನಿಗೆ ಎಣ್ಣೆ ಹಾಕಿದರೆ ನೀರು ಒಳಗೇ ಉಳಿಯುತ್ತದೆ. ಆಮೇಲೆ ಚೈನಿನ ಒಂದೊಂದು ರೋಲರ್‌ಗೆ ಒಂದೊಂದೇ ಹನಿ. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆ ಎಲ್ಲ ಒರೆಸಿಬಿಡಿ. ಎಣ್ಣೆ ಕೆಲಸ ಮಾಡುವುದು ಒಳಗೆ. ಹೊರಗೆ ಹೊಳೆಯುತ್ತಿದ್ದರೆ ಅದು ರಾಡಿಗೆ ಆಹ್ವಾನ.

ಪಂಕ್ಚರ್ ಬಗ್ಗೆಯೂ ಹೇಳುತ್ತೇನೆ. ಮಳೆಗಾಲದಲ್ಲಿ ಪಂಕ್ಚರ್ ಜಾಸ್ತಿ. ಗಾಜಿನ ಚೂರು, ಜಾಲಿ ಮುಳ್ಳು ಎಲ್ಲ ಹರಿದು ಬಂದು ರಸ್ತೆ ದಂಡೆಗೆ ಸೇರುತ್ತವೆ. ರಬ್ಬರು ಒದ್ದೆ ಇದ್ದಾಗ ಅವು ಸುಲಭವಾಗಿ ಒಳಗೆ ಇಳಿಯುತ್ತವೆ. ಒದ್ದೆ ಟ್ಯೂಬಿಗೆ ಸೊಲ್ಯೂಶನ್ ಹಿಡಿಯುವುದಿಲ್ಲ. ಹಾಗಾಗಿ ದಾರಿಯಲ್ಲಿ ಪ್ಯಾಚ್ ಹಾಕುವ ಯೋಚನೆ ಬಿಟ್ಟು, ಒಂದು ಹೊಸ ಟ್ಯೂಬನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೆ ಕಟ್ಟಿಕೊಳ್ಳಿ. ಹೊಸ ಟ್ಯೂಬ್ ಹಾಕುವ ಮುಂಚೆ ಟಯರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯಿರಿ.

ಕೆಲಗೇರಿ ಕೆರೆ

ಗಾಳಿ, ಮಳೆ ಎರಡೂ ಇದ್ದಾಗ ಜಾರುವ ಜಾಗಗಳು ತಲೆಯಲ್ಲಿರಲಿ. ಜೀಬ್ರಾ ಪಟ್ಟಿಯ ಬಣ್ಣ, ಗಟಾರದ ಕಬ್ಬಿಣದ ಮುಚ್ಚಳ, ಫ್ಲೈಓವರ್ ಮೇಲಿನ ಕಬ್ಬಿಣದ ಜಾಯಿಂಟ್, ರೈಲು ಹಳಿ. ಇವುಗಳ ಮೇಲೆ ಹ್ಯಾಂಡಲ್ ನೇರ ಇರಲಿ, ಬ್ರೇಕ್ ಬೇಡ. ಹಳಿಯನ್ನು ಓರೆಯಾಗಿ ದಾಟಿದರೆ ಚಕ್ರ ಸಂದಿಗೆ ಸಿಗುತ್ತದೆ. ನೇರ ಅಡ್ಡ ದಾಟಿ, ಅಳುಕಿದರೆ ಇಳಿದು ದಾಟಿ. ಎಲ್ಲಕ್ಕಿಂತ ಅಪಾಯದ ಹೊತ್ತು ಅಂದರೆ ಬಹಳ ದಿನ ಒಣಗಿದ ರಸ್ತೆಗೆ ಮಳೆ ಬಿದ್ದ ಮೊದಲ ಸ್ವಲ್ಪ ಹೊತ್ತು. ಲಾರಿಗಳಿಂದ ಸೋರಿದ ಎಣ್ಣೆ, ಧೂಳು ಎಲ್ಲ ನೀರಿನಲ್ಲಿ ಕಲೆತು ಲೋಳೆ ಆಗಿರುತ್ತದೆ. ಎಲ್ಲಾದರೂ ನಿಂತು ಒಂದು ಚಹಾ ಕುಡಿಯಿರಿ. ಮಳೆ ಜೋರಾಗಿ ಬಂದು ಅದನ್ನು ತೊಳೆದುಕೊಂಡು ಹೋಗಲಿ.

ಚಿಗರಿ ಪಾಸ್

ಇಷ್ಟೆಲ್ಲ ಓದಿದ ಮೇಲೆ ನಿಮ್ಮ ಶ್ರದ್ಧೆಗೆ ತಲೆಬಾಗುತ್ತೇನೆ. ಆದರೂ ನನ್ನ ಮೊದಲ ಪ್ರಶ್ನೆ ಹಾಗೇ ಇದೆ. ಲಾರಿಯವನಿಗೆ ನೀವು ಕಾಣುವುದು ಹೇಗೆ? ನನ್ನ ಗೆಳೆಯನೊಬ್ಬನಿಗೆ ಸಂಜೆಯ ಮಳೆಯಲ್ಲಿ ಹಿಂದಿನಿಂದ ವಾಹನ ತಾಗಿತ್ತು. ಅದಕ್ಕೇ ಇಷ್ಟು ಒತ್ತಿ ಕೇಳುತ್ತಿದ್ದೇನೆ.

ವರ್ಕ್‌ಶಾಪ್ ಕಾಕಾ

ಸರಿಯಾದ ಪ್ರಶ್ನೆ ತಮ್ಮಾ. ಅಂಗಡಿಯಲ್ಲಿ ಸಿಗುವ ರೇನ್‌ಕೋಟ್ ಬಹಳಷ್ಟು ಕಪ್ಪು, ಇಲ್ಲವೇ ಕಡುನೀಲಿ. ಮಳೆಯಲ್ಲಿ ಅದು ಕಾಣುವುದೇ ಇಲ್ಲ. ಹಳದಿ ಅಥವಾ ಕಿತ್ತಳೆ ಬಣ್ಣದ್ದೇ ಹುಡುಕಿ ಕೊಳ್ಳಬೇಕು. ಹಿಂದೆ ಕೆಂಪು ಬ್ಯಾಟರಿ ದೀಪ, ಹಗಲಲ್ಲೂ ಉರಿಯಲಿ. ಟಯರಿಗೆ ತಾಗಿ ತಿರುಗುವ ಹಳೆ ಡೈನಮೋ ನಂಬಬೇಡ, ಒದ್ದೆ ಟಯರಿನ ಮೇಲೆ ಜಾರಿ ದೀಪ ಆರುತ್ತದೆ. ನಂಬರ್ ಪ್ಲೇಟ್ ಬರೆಯುವ ಅಂಗಡಿಯಲ್ಲಿ ರೇಡಿಯಂ ಪಟ್ಟಿ ಸಿಗುತ್ತದೆ. ಮಡ್‌ಗಾರ್ಡಿಗೆ ಕೆಂಪು ಹಚ್ಚಿ, ಪೆಡಲಿನ ಅಂಚಿಗೆ, ಸ್ಯಾಂಡಲಿನ ಹಿಮ್ಮಡಿಗೆ ಹಳದಿ ಹಚ್ಚಿ. ಪೆಡಲ್ ಮೇಲೆ ಕೆಳಗೆ ಆಡುತ್ತದೆ, ಆಡುವ ಬೆಳಕು ಡ್ರೈವರನ ಕಣ್ಣಿಗೆ ಬೇಗ ಬೀಳುತ್ತದೆ.

ಕತ್ತಲಾಗಿ, ಮಳೆ ರಪರಪ ಬಡಿಯುತ್ತಿದ್ದರೆ ಆ ದಿನ ಸೈಕಲ್ ಅಲ್ಲೇ ಕೀಲಿ ಹಾಕಿಟ್ಟು ಚಿಗರಿ ಹತ್ತು ತಂಗಿ. ಈ ತಮ್ಮ ಹೇಳುವುದರಲ್ಲಿ ಅಷ್ಟು ಸತ್ಯ ಇದೆ. ಕಿಸೆಯಲ್ಲಿ ಬಸ್ಸಿನ ದುಡ್ಡು ಯಾವಾಗಲೂ ಇರಲಿ.

ವಿದ್ಯಾಗಿರಿ ಸಿಸ್ಟರ್

ಸಿಡಿಲಿನ ದಿನವೂ ಹಾಗೇ. ಜುಲೈ ಜಡಿಯಲ್ಲಿ ಗುಡುಗು ಕಡಿಮೆ. ಆದರೆ ಚಿತ್ತಾ, ಸ್ವಾತಿ ಮಳೆ ಸಂಜೆ ಹೊತ್ತಿಗೆ ಗುಡುಗು ಸಿಡಿಲು ಹೊತ್ತುಕೊಂಡೇ ಬರುತ್ತದೆ, ನಿನ್ನ ಆಫೀಸು ಬಿಡುವುದೂ ಅದೇ ಹೊತ್ತಿಗೆ. ಮಿಂಚು ಕಂಡಮೇಲೆ ಗುಡುಗು ಕೇಳುವವರೆಗೆ ಎಣಿಸು. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ದೂರ. ಗುಡುಗು ಕೇಳಿಸಿತೆಂದರೆ ಗಟ್ಟಿ ಕಟ್ಟಡದೊಳಗೆ ಹೋಗಬೇಕು, ಮರದ ಕೆಳಗೆ ನಿಲ್ಲಬಾರದು. ಕೊನೆಯ ಗುಡುಗು ಕೇಳಿ ಅರ್ಧ ತಾಸಾದ ಮೇಲೆ ಹೊರಡು.

ನವನಗರ ಟು ಸಪ್ತಾಪುರ

ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಕೇಳಿದೆ. ಸ್ಟೋರ್ ರೂಮಿಗೆ ಒಳಗಿನಿಂದ ಚಿಲಕ ಹಾಕಿಸಿಕೊಟ್ಟರು. ಈಗ ಇನ್ನೊಬ್ಬ ಅಕ್ಕ ಕೂಡ ಸ್ಕೂಟಿಯಲ್ಲಿ ಒದ್ದೆಯಾಗಿ ಬಂದ ದಿನ ಅಲ್ಲೇ ಬಟ್ಟೆ ಬದಲಿಸುತ್ತಾರೆ. ಎಣ್ಣೆ ಡಬ್ಬಿಯ ತುಂಡು ಹಾಕಿದೆ ಕಾಕಾ, ಪಾದಕ್ಕೆ ನೀರು ಹಾರುವುದು ನಿಂತಿದೆ. ಮುಂದಿನ ರಿಮ್ಮು ಇನ್ನೂ ಬದಲಿಸಿಲ್ಲ, ಪಗಾರ ಆದಮೇಲೆ.

ಮೊನ್ನೆ ಟೋಲ್ ನಾಕಾ ಹತ್ತಿರ ಕಾಯ್ದು, ನೀರು ಇಳಿದು ನೆಲ ಕಂಡಮೇಲೆ ತಳ್ಳಿಕೊಂಡು ದಾಟಿದೆ. ಆದರೂ ಒಂದು ಕಡೆ ಹಬ್ ಮುಳುಗುವಷ್ಟು ನೀರು ಉಳಿದಿತ್ತು. ಅವತ್ತಿನಿಂದ ಹಿಂದಿನ ಚಕ್ರ ತಿರುಗಿಸಿದರೆ ಗರಗರ ಅನ್ನುತ್ತದೆ. ಹಾಗೇ ಓಡಿಸಬಹುದಾ?

ಹೊಸೂರು ಸೈಕಲ್ ಅಂಗಡಿ

ಓಡಿಸಬೇಡಿ. ಹಬ್ ಒಳಗೆ ನೀರು ಹೊಕ್ಕು ಗ್ರೀಸ್ ಹೋಗಿದೆ. ಈಗ ಬಿಚ್ಚಿದರೆ ಸೀಮೆಎಣ್ಣೆಯಲ್ಲಿ ತೊಳೆದು, ಬಾಲ್ ಬದಲಿಸಿ, ಹೊಸ ಗ್ರೀಸ್ ತುಂಬಿದರೆ ಮುಗಿಯಿತು. ಹಾಗೇ ಓಡಿಸಿದರೆ ತುಕ್ಕು ಹಿಡಿದ ಬಾಲು ತಾನು ಕೂಡುವ ಕಪ್, ಕೋನ್ ಎರಡನ್ನೂ ತಿಂದು ಪೂರ್ತಿ ಹಬ್ಬೇ ಬದಲಿಸಬೇಕಾಗುತ್ತದೆ. ಪೆಡಲ್ ಹತ್ತಿರದ ಬಿ.ಬಿ.ಯನ್ನೂ (ಪೆಡಲಿನ ಅಚ್ಚು ತಿರುಗುವ ಬೇರಿಂಗ್) ಬಿಚ್ಚಿಸಿ ನೋಡಿಸಿ, ಅದೂ ಅಷ್ಟೇ ತಗ್ಗಿನಲ್ಲಿರುತ್ತದೆ. ಯಾವ ಅಂಗಡಿಗಾದರೂ ಒಯ್ಯಿರಿ, ಆದರೆ ಈ ವಾರವೇ ಒಯ್ಯಿರಿ. ಪಂಚಮಿಗೆ ಕೆಲಸದ ಹುಡುಗರೆಲ್ಲ ಊರಿಗೆ ಹೋಗುತ್ತಾರೆ, ಆಮೇಲೆ ಕೈಗೆ ಯಾರೂ ಸಿಗುವುದಿಲ್ಲ.